ಬಾರ್ಬರಾ ಕಿಂಗ್‌ಸಾಲ್ವರ್ ಅವರ ‘ಪ್ರಾಡಿಗಲ್ ಸಮ್ಮರ್’: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಾದಂಬರಿಯನ್ನು ಓದಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಓದುವ ಮೊದಲು ಕೆಲವು ಪ್ರಶ್ನೆ ಬರುತ್ತವೆ, ಓದಿದ ಮೇಲೆ ಇನ್ನೂ ಜಾಸ್ತಿ ಬರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕಥೆಯ ಕೊನೆಯನ್ನು ಹೇಳಿರುವ ಜಾಗದಲ್ಲಿ ಮೊದಲೇ ಎಚ್ಚರಿಕೆ ಕೊಟ್ಟಿದ್ದೇನೆ.

ಇದು ಯಾವ ಕಾದಂಬರಿ? ಕಥೆ ಏನು?

ಅಮೆರಿಕದ ಲೇಖಕಿ ಬಾರ್ಬರಾ ಕಿಂಗ್‌ಸಾಲ್ವರ್ ಇಂಗ್ಲಿಷಿನಲ್ಲಿ ಬರೆದದ್ದು. 2000ರಲ್ಲಿ ಬಂತು. ಒಂದು ಬೆಟ್ಟ, ಅದರ ಕೆಳಗಿನ ಒಂದು ಕಣಿವೆ, ಒಂದೇ ಒಂದು ಬೇಸಿಗೆ. ಇಷ್ಟರೊಳಗೆ ಮೂರು ಕಥೆಗಳು ನಡೆಯುತ್ತವೆ.

ಬೆಟ್ಟದ ಮೇಲೆ ಡಿಯಾನಾ ವುಲ್ಫ್ ಇದ್ದಾಳೆ. ವಯಸ್ಸು ನಲವತ್ತು ದಾಟಿದೆ, ಗಂಡನಿಂದ ಬೇರೆಯಾಗಿದ್ದಾಳೆ, ಪ್ರಾಣಿಗಳ ಬಗ್ಗೆ ಓದಿಕೊಂಡವಳು. ಅರಣ್ಯ ಇಲಾಖೆಯ ಕೆಲಸದಲ್ಲಿದ್ದುಕೊಂಡು ಕಾಡಿನೊಳಗಿನ ಮರದ ಮನೆಯಲ್ಲಿ ಒಂಟಿಯಾಗಿ ಇರುತ್ತಾಳೆ. ಕೊಯೋಟಿ ಅನ್ನುವ ಪ್ರಾಣಿಯ ಒಂದು ಕುಟುಂಬ ಆ ಬೆಟ್ಟಕ್ಕೆ ಬಂದಿದೆ ಅಂತ ಅವಳಿಗೆ ಗೊತ್ತಾಗಿದೆ. ಅದೇ ಹೊತ್ತಿಗೆ ಎಡ್ಡೀ ಬೊಂಡೋ ಅನ್ನುವ ಯುವ ಬೇಟೆಗಾರ ಬಂದೂಕು ಹಿಡಿದು ಅಲ್ಲಿಗೆ ಬರುತ್ತಾನೆ.

ಕೆಳಗೆ ಕಣಿವೆಯಲ್ಲಿ ಲೂಸಾ ಇದ್ದಾಳೆ. ಪಟ್ಟಣದಿಂದ ಬಂದ ಸೊಸೆ, ಕೀಟಶಾಸ್ತ್ರ ಓದಿದವಳು. ಮದುವೆಯಾಗಿ ಜಾಸ್ತಿ ದಿನ ಆಗಿಲ್ಲ, ಗಂಡ ಕೋಲ್ ಲಾರಿ ಅಪಘಾತದಲ್ಲಿ ತೀರಿಕೊಳ್ಳುತ್ತಾನೆ. ಸಾಲ ಇರುವ ಹೊಲ, ಹಳೇ ಮನೆ, ಐದು ಮಂದಿ ನಾದಿನಿಯರು ಅವಳ ಪಾಲಿಗೆ ಉಳಿಯುತ್ತಾರೆ.

ಮೂರನೆಯದು ಇಬ್ಬರು ವಯಸ್ಸಾದ ಅಕ್ಕಪಕ್ಕದ ಮನೆಯವರ ಕಥೆ. ಗಾರ್ನೆಟ್ ವಾಕರ್ ನಿವೃತ್ತ ಕೃಷಿ ಮೇಷ್ಟ್ರು, ದೈವಭಕ್ತ, ಹಟವಾದಿ. ನ್ಯಾನಿ ರಾಲಿ ವಿಷ ಹಾಕದೆ ಸೇಬು ಬೆಳೆಯುವ ಅಜ್ಜಿ. ಇಬ್ಬರ ಬೇಲಿ ಜಗಳ ಹಳೆಯದು.

ಇದು ಪ್ರೇಮಕಥೆಯಾ, ಪರಿಸರದ ಕಥೆಯಾ?

ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಈ ಪುಸ್ತಕವನ್ನು ನಾನು ಇಷ್ಟಪಡುವುದೇ ಅದಕ್ಕೆ. ಬೇರೆ ಎಷ್ಟೋ ಕಾದಂಬರಿಗಳಲ್ಲಿ ಕಾಡು ಅಂದರೆ ನಾಯಕ ನಾಯಕಿ ಓಡಾಡಲು ಹಿಂದೆ ಕಟ್ಟಿದ ಪರದೆ. ಇಲ್ಲಿ ಹಾಗಲ್ಲ. ಪತಂಗ ಜೋಡಿ ಹುಡುಕುತ್ತದೆ, ಕೊಯೋಟಿ ಮರಿ ಹಾಕುತ್ತದೆ, ಮರ ಪರಾಗಕ್ಕೆ ಕಾಯುತ್ತದೆ, ಮನುಷ್ಯರೂ ಅದೇ ಬೇಸಿಗೆಯಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಾರೆ. ಲೇಖಕಿ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಮನುಷ್ಯರ ಆಸೆಯನ್ನು ಮೇಲೆ ಇಟ್ಟಿಲ್ಲ, ಕೀಳು ಮಾಡಿಯೂ ಇಲ್ಲ.

ಇನ್ನೊಂದು ಮಾತು. ಇಲ್ಲಿ ಖಳನಾಯಕ ಇಲ್ಲ. ಕಾಡು ನುಂಗಲು ಬಂದ ಕಂಪನಿ ಇಲ್ಲ, ದುಷ್ಟ ಮಂತ್ರಿ ಇಲ್ಲ. ಅಪಾಯ ಬರುವುದು ಒಳ್ಳೆಯವರಿಂದಲೇ. ಕುರಿ ಉಳಿಸಬೇಕು ಅಂತ ಕೊಯೋಟಿ ಕೊಲ್ಲುವವನು, ಬೆಳೆ ಉಳಿಸಬೇಕು ಅಂತ ಔಷಧಿ ಹೊಡೆಯುವವನು, ರಸ್ತೆ ಚೊಕ್ಕಟ ಇರಲಿ ಅಂತ ಕಳೆನಾಶಕ ಸಿಂಪಡಿಸುವವನು. ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಒಂದು ಜೀವವನ್ನು ಮಾತ್ರ ತೆಗೆದು ಹಾಕಿದರೆ ಉಳಿದದ್ದು ಇದ್ದ ಹಾಗೇ ಇರುತ್ತದೆ ಅಂತ ಅವರು ನಂಬಿದ್ದಾರೆ, ಅಷ್ಟೇ. ಆ ನಂಬಿಕೆ ಎಷ್ಟು ತಪ್ಪು ಅನ್ನುವುದನ್ನು ಕಾದಂಬರಿ ಮೂರು ದಾರಿಯಲ್ಲಿ ತೋರಿಸುತ್ತದೆ.

ಇದನ್ನು ‘ದಕ್ಷಿಣದ ಕಾದಂಬರಿ’ ಅನ್ನುತ್ತಾರಲ್ಲ, ಹಾಗಂದರೇನು? ಆ ಜಾಗ ನಿಜವಾಗಿ ಇದೆಯಾ?

ದಕ್ಷಿಣ ಅಂದರೆ ಅಮೆರಿಕದ ಆಗ್ನೇಯದ ರಾಜ್ಯಗಳು. ವರ್ಜೀನಿಯಾ, ಕೆಂಟಕಿ, ಟೆನೆಸಿ, ಕ್ಯಾರೊಲಿನಾಗಳು, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ ಹೀಗೆ. ಅಲ್ಲಿಯ ಸಾಹಿತ್ಯಕ್ಕೆ ತನ್ನದೇ ಗುಣ ಇದೆ. ನೆಲದ ನಂಟು, ದೊಡ್ಡ ಕುಟುಂಬ, ಚರ್ಚು, ಹಳೆಯ ಜಗಳಗಳು, ಮಾತಿನ ಸೊಗಸು. ಈ ಕಾದಂಬರಿಯಲ್ಲಿ ಇವೆಲ್ಲ ಇವೆ. ಆದರೆ ಬಯಲಿನ ಹತ್ತಿ ತೋಟದ ದಕ್ಷಿಣ ಅಲ್ಲ ಇದು, ಬೆಟ್ಟದ ದಕ್ಷಿಣ. ಸಣ್ಣ ಹಿಡುವಳಿ, ಕಡಿದಾದ ಹೊಲ, ಕೈಯಲ್ಲಿ ಕಾಸಿಲ್ಲದ ರೈತರು.

ಕಥೆ ನಡೆಯುವ ಬೆಟ್ಟದ ಹೆಸರು ಜೆಬುಲಾನ್, ಅದು ಕಲ್ಪನೆಯದು. ಅದರ ಸುತ್ತಲಿನ ಅಪಲೇಚಿಯನ್ ಬೆಟ್ಟಸಾಲು ನಿಜದ್ದು. ಪ್ರಪಂಚದಲ್ಲಿ ಸಾಲಮ್ಯಾಂಡರ್ (ನೋಡಲು ಹಲ್ಲಿಯಂತಿರುವ, ಕಪ್ಪೆಯ ಬಂಧು) ಜಾತಿಗಳು ಅತಿ ಹೆಚ್ಚು ಇರುವ ಜಾಗಗಳಲ್ಲಿ ಅದೂ ಒಂದು. ಒದ್ದೆ ನೆಲ, ತೊರೆ, ಪಾಚಿ, ದಟ್ಟ ಎಲೆಯುದುರುವ ಮರಗಳು. ಮಲೆನಾಡಿನವರಿಗೆ ಕೆಲವು ಪುಟಗಳ ವಾಸನೆಯೇ ಗುರುತು ಸಿಗುತ್ತದೆ.

ಲೇಖಕಿಗೆ ಈ ವಿಷಯದಲ್ಲಿ ಎಷ್ಟು ಅಧಿಕಾರ ಇದೆ?

ಬೇಕಾದಷ್ಟು. 1955ರಲ್ಲಿ ಹುಟ್ಟಿದವರು, ಬೆಳೆದದ್ದು ಕೆಂಟಕಿಯ ಹಳ್ಳಿಗಾಡಿನಲ್ಲಿ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದರು. ಆಮೇಲೆ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಜೀವಪರಿಸರ ಮತ್ತು ವಿಕಾಸದ ಬಗ್ಗೆ ಸ್ನಾತಕೋತ್ತರ ಪದವಿ ಪಡೆದರು. ಈಗ ನೈಋತ್ಯ ವರ್ಜೀನಿಯಾದ ಬೆಟ್ಟಗಳ ನಡುವೆ ತಮ್ಮ ಹೊಲದಲ್ಲೇ ಇದ್ದಾರೆ. 2022ರ ಅವರ ‘ಡೀಮನ್ ಕಾಪರ್‌ಹೆಡ್’ ಕಾದಂಬರಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅದೂ ಇದೇ ಬೆಟ್ಟಗಳ ಕಥೆ.

ಮೂರು ಕಥೆ ಒಟ್ಟಿಗೆ ಬಂದರೆ ಗೊಂದಲ ಆಗಲ್ವಾ?

ಶುರುವಿನಲ್ಲಿ ಸ್ವಲ್ಪ ಆಗುತ್ತದೆ. ಅಧ್ಯಾಯಗಳಿಗೆ ಮೂರೇ ಹೆಸರು: ‘ಪ್ರೆಡೇಟರ್ಸ್’ ಅಂದರೆ ಡಿಯಾನಾ ಕಥೆ, ‘ಮಾತ್ ಲವ್’ ಅಂದರೆ ಲೂಸಾ ಕಥೆ, ‘ಓಲ್ಡ್ ಚೆಸ್ಟ್‌ನಟ್ಸ್’ ಅಂದರೆ ಗಾರ್ನೆಟ್ ಮತ್ತು ನ್ಯಾನಿ ಕಥೆ. ಇದನ್ನು ನೆನಪಿಟ್ಟುಕೊಂಡರೆ ಸಾಕು. ಒಂದು ಕಥೆಯನ್ನು ಮಾತ್ರ ಆರಿಸಿ ಓದಿಕೊಂಡು ಹೋಗಬೇಡಿ. ಒಬ್ಬರ ಕಥೆಯಲ್ಲಿ ಸುಮ್ನೆ ಬಂದು ಹೋದ ಒಂದು ಹೆಸರು ಇನ್ನೊಬ್ಬರ ಕಥೆಯಲ್ಲಿ ಮಗನೋ ಮೊಮ್ಮಗಳೋ ಆಗಿ ಸಿಗುತ್ತದೆ. ಆ ನಂಟುಗಳನ್ನು ನೀವೇ ಕಂಡುಕೊಳ್ಳುವುದರಲ್ಲಿ ದೊಡ್ಡ ಸಂತೋಷ ಇದೆ.

ಕೊಯೋಟಿ ಯಾವ ಪ್ರಾಣಿ? ಅದಕ್ಕೆ ಇಷ್ಟೊಂದು ಮಹತ್ವ ಯಾಕೆ?

ತೋಳ, ನರಿ, ನಾಯಿಗಳ ಬಳಗದ್ದು. ತೋಳಕ್ಕಿಂತ ಚಿಕ್ಕದು. ಮೊದಲು ಅಮೆರಿಕದ ಪಶ್ಚಿಮ ಮತ್ತು ನಡುವಿನ ಬಯಲುಗಳಲ್ಲಿ ಇತ್ತು. ಪೂರ್ವದ ಕಾಡುಗಳಲ್ಲಿ ತೋಳಗಳ ರಾಜ್ಯ. ವಲಸೆ ಬಂದ ಯುರೋಪಿನವರು ತೋಳಗಳನ್ನು ಹುಡುಕಿ ಹುಡುಕಿ ಕೊಂದರು. ಆಗ್ನೇಯದ ಕೆಂಪು ತೋಳ ಎಷ್ಟು ಕಡಿಮೆಯಾಯಿತು ಅಂದರೆ 1980ರಲ್ಲಿ ಅದು ಕಾಡಿನಿಂದ ಅಳಿದುಹೋಯಿತು ಅಂತಲೇ ಘೋಷಿಸಿದರು. 1987ರಲ್ಲಿ ಸಾಕಿ ಬೆಳೆಸಿದ ಕೆಲವನ್ನು ನಾರ್ತ್ ಕ್ಯಾರೊಲಿನಾದ ಕರಾವಳಿಯಲ್ಲಿ ಮತ್ತೆ ಬಿಟ್ಟರು. ತೋಳ ಹೋದ ಜಾಗ ಖಾಲಿ ಉಳಿಯಲಿಲ್ಲ. ಇಪ್ಪತ್ತನೇ ಶತಮಾನದುದ್ದಕ್ಕೂ ಕೊಯೋಟಿ ಪೂರ್ವಕ್ಕೆ ನಡೆದು ಬಂತು.

ಡಿಯಾನಾಗೆ ಇದು ಬೆರಗು. ಮನುಷ್ಯ ಒಂದು ದೊಡ್ಡ ಬೇಟೆಯಾಡುವ ಪ್ರಾಣಿಯನ್ನು ಅಳಿಸಿದ ಮೇಲೆ, ಕಾಡು ತನ್ನಷ್ಟಕ್ಕೆ ಇನ್ನೊಂದನ್ನು ಕರೆಸಿಕೊಂಡಿದೆ. ಸುತ್ತಲಿನ ರೈತರಿಗೆ ಅದೇ ಪ್ರಾಣಿ ಕರುವಿನ ಕಳ್ಳ. ಕೊಂದವರಿಗೆ ಬಹುಮಾನ ಕೊಡುವ ಬೇಟೆಯ ಸ್ಪರ್ಧೆಯೂ ಕಥೆಯಲ್ಲಿದೆ.

ಕೊಯೋಟಿಯ ಒಂದು ಗುಣ ಗೊತ್ತಿದ್ದರೆ ಈ ಭಾಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಗುಂಪಿನಲ್ಲಿ ಸಾಮಾನ್ಯವಾಗಿ ಒಂದು ಹಿರಿಯ ಜೋಡಿ ಮಾತ್ರ ಮರಿ ಮಾಡುತ್ತದೆ. ಆ ಜೋಡಿಯನ್ನು ಕೊಂದರೆ ಕಿರಿಯವು ಚದುರಿ ತಾವೇ ಮರಿ ಮಾಡಲು ಶುರು ಮಾಡುತ್ತವೆ. ಬದುಕಿ ಉಳಿದವುಗಳಿಗೆ ಆಹಾರವೂ ಜಾಸ್ತಿ ಸಿಗುತ್ತದೆ, ಮರಿಗಳೂ ಜಾಸ್ತಿ ಉಳಿಯುತ್ತವೆ. ಸಿಕ್ಕ ಸಿಕ್ಕಲ್ಲಿ ಗುಂಡು ಹೊಡೆದು ಕೊಯೋಟಿಯನ್ನು ಕಡಿಮೆ ಮಾಡಲು ಆಗಿಲ್ಲ, ಅಮೆರಿಕದ ನೂರು ವರ್ಷದ ಅನುಭವವೇ ಅದನ್ನು ಹೇಳುತ್ತದೆ.

ನಮ್ಮಲ್ಲೂ ಇಂಥ ಕಥೆ ಇದೆ. ಕೆನ್ನಾಯಿಯನ್ನು ಬ್ರಿಟಿಷರ ಕಾಲದಲ್ಲಿ ಪೀಡೆ ಅಂತ ಪಟ್ಟಿ ಮಾಡಿ, ಕೊಂದವರಿಗೆ ಇನಾಮು ಕೊಡುತ್ತಿದ್ದರು. ಅದಕ್ಕೆ ಕಾನೂನಿನ ಕಾವಲು ಸಿಕ್ಕಿದ್ದು 1972ರ ವನ್ಯಜೀವಿ ಕಾಯ್ದೆಯ ನಂತರ. ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಕೆನ್ನಾಯಿಗಳ ಹಿಂದೆ ಓಡಾಡಿ ಅಧ್ಯಯನ ಮಾಡಿದ್ದು ಅದೇ ದಶಕದಲ್ಲಿ.

ಬೇಟೆ ಪ್ರಾಣಿಯನ್ನು ಕೊಲ್ಲುವುದು ಹುಲ್ಲು ತಿನ್ನುವ ಪ್ರಾಣಿಯನ್ನು ಕೊಲ್ಲುವುದಕ್ಕಿಂತ ದೊಡ್ಡ ತಪ್ಪು ಅಂತ ಡಿಯಾನಾ ವಾದಿಸುತ್ತಾಳೆ. ಅದಕ್ಕೆ ಆಧಾರ ಇದೆಯಾ?

ಇದೆ. ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಪೇಯ್ನ್ 1960ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಕಡಲ ಬಂಡೆಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅಲ್ಲಿಯ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ದೂರ ಎಸೆದರು. ನಕ್ಷತ್ರಮೀನಿನ ಊಟ ನೀಲಿಕಲ್ಲು ಚಿಪ್ಪುಗಳು. ತಿನ್ನುವವರು ಇಲ್ಲವಾದ ಕೂಡಲೇ ಚಿಪ್ಪುಗಳು ಇಡೀ ಬಂಡೆಯನ್ನು ಆಕ್ರಮಿಸಿದವು, ಮಿಕ್ಕ ಜೀವಿಗಳು ಒಂದೊಂದಾಗಿ ಕಾಣೆಯಾದವು. ಒಂದು ಬೇಟೆಗಾರ ಜೀವಿ ಎಷ್ಟು ಬೇರೆ ಜೀವಿಗಳಿಗೆ ಜಾಗ ಮಾಡಿಕೊಟ್ಟಿರುತ್ತದೆ ಅಂತ ಆಗ ಕಣ್ಣಿಗೆ ಕಂಡಿತು.

ಕಾದಂಬರಿಯಲ್ಲಿ ಇದು ಬರೀ ವಾದವಾಗಿ ಉಳಿಯುವುದಿಲ್ಲ. ಡಿಯಾನಾಳ ಮನೆಯ ಜಗುಲಿಯಲ್ಲಿ ಒಂದು ಪುಟ್ಟ ಹಕ್ಕಿ ಗೂಡು ಕಟ್ಟಿದೆ. ಅವಳಿಗೆ ಅದರ ಮೇಲೆ ತುಂಬ ಪ್ರೀತಿ. ಅದೇ ಮನೆಯಲ್ಲಿ ಒಂದು ಕರಿ ಹಾವೂ ಇದೆ, ಅದನ್ನೂ ಅವಳು ಓಡಿಸಿಲ್ಲ. ಮುಂದೆ ಏನಾಗುತ್ತದೆ ಅಂತ ಊಹಿಸಬಹುದು. ಹಾವು ಮರಿಗಳನ್ನು ತಿಂದಾಗ ಅವಳ ಸಂಕಟ ನಿಜವಾದದ್ದು. ಆದರೂ ಅವಳು ಹಾವನ್ನು ದೂರುವುದಿಲ್ಲ. ಬೇರೆಯವರಿಗೆ ಹೇಳಿದ ಮಾತಿಗೆ ತಾನೇ ಬೆಲೆ ತೆರಬೇಕಾದ ಈ ಜಾಗ ನನಗೆ ಇಡೀ ಕಾದಂಬರಿಯ ಅತಿ ಪ್ರಾಮಾಣಿಕ ಪುಟಗಳಲ್ಲಿ ಒಂದು.

ಕಾಡು ಕಾಯುವವಳು ಬೇಟೆಗಾರನನ್ನು ಪ್ರೀತಿಸುವುದು ನಂಬುವ ಹಾಗಿದೆಯಾ?

ನನಗೆ ನಂಬಿಕೆ ಬಂತು. ಎಡ್ಡೀ ವಯೋಮಿಂಗ್‌ನ ಕುರಿ ಸಾಕುವ ಮನೆತನದವನು. ಕೊಯೋಟಿಯ ಮೇಲಿನ ದ್ವೇಷ ಅವನಿಗೆ ಮನೆಯಲ್ಲೇ ಬಂದದ್ದು. ಅವಳು ಅವನಿಗಿಂತ ಸಾಕಷ್ಟು ಹಿರಿಯಳು. ಇಬ್ಬರ ನಡುವೆ ಸೆಳೆತ ಇದೆ, ಆದರೆ ಅವಳು ಒಂದು ಗುಟ್ಟು ಕಾಪಾಡಬೇಕು, ಕೊಯೋಟಿಯ ಬಿಲ ಎಲ್ಲಿದೆ ಅನ್ನುವುದನ್ನು. ಅವನ ಬಂದೂಕು ಯಾವಾಗಲೂ ಕೋಣೆಯಲ್ಲೇ ಇರುತ್ತದೆ. ಆ ಭಯ ಪ್ರತಿ ಮುತ್ತಿನ ಜೊತೆಗೂ ಇರುತ್ತದೆ. ಒಂದು ಹಂತದಲ್ಲಿ ಅವಳು ತನ್ನ ಸಂಶೋಧನಾ ಪ್ರಬಂಧವನ್ನೇ ಅವನ ಕೈಗೆ ಕೊಟ್ಟು ಓದು ಅನ್ನುತ್ತಾಳೆ. ಎಡ್ಡೀ ಪೂರ್ತಿ ಬದಲಾದ ಅಂತ ಲೇಖಕಿ ಸುಳ್ಳು ಹೇಳಿಲ್ಲ, ಅದೂ ಒಳ್ಳೆಯದೇ.

ಅಮೆರಿಕದ ಚೆಸ್ಟ್‌ನಟ್ ಮರಕ್ಕೆ ನಿಜವಾಗಿ ಏನಾಯಿತು?

ಇದಕ್ಕೆ ಉದ್ದವಾಗಿಯೇ ಉತ್ತರ ಹೇಳುತ್ತೇನೆ. ಗೊತ್ತಿಲ್ಲದೆ ಓದಿದರೆ ಗಾರ್ನೆಟ್ ಅಜ್ಜ ಬರೀ ಸಿಡುಕನಾಗಿ ಕಾಣುತ್ತಾನೆ. ಗೊತ್ತಿದ್ದರೆ ಅವನ ಎದೆಯ ನೋವು ಕಾಣುತ್ತದೆ.

ಒಂದು ಕಾಲಕ್ಕೆ ಅಮೆರಿಕದ ಪೂರ್ವದ ಕಾಡುಗಳಲ್ಲಿ 300ರಿಂದ 400 ಕೋಟಿ ಚೆಸ್ಟ್‌ನಟ್ ಮರಗಳು ಇದ್ದವು ಅಂತ ಅಂದಾಜು. ಉತ್ತರದ ಮೇನ್‌ನಿಂದ ದಕ್ಷಿಣದ ಮಿಸಿಸಿಪ್ಪಿವರೆಗೆ. ಭಾರಿ ಮರ, ಪ್ರತಿ ವರ್ಷ ತಪ್ಪದೆ ಕಾಯಿ. ಕರಡಿ, ಅಳಿಲು, ಟರ್ಕಿ ಕೋಳಿ, ಊರವರ ಹಂದಿಗಳು, ಮಕ್ಕಳು, ಎಲ್ಲರಿಗೂ ಅದೇ ಚಳಿಗಾಲದ ಮುಂಚಿನ ಊಟ. ಬೆಟ್ಟದ ಬಡವರು ಕಾಯಿ ಆರಿಸಿ ಮಾರಿ ಮಕ್ಕಳಿಗೆ ಬೂಟು ತರುತ್ತಿದ್ದರು. ಮರ ಬೇಗ ಕೊಳೆಯುವುದಿಲ್ಲ. ಹಾಗಾಗಿ ತೊಟ್ಟಿಲು, ಮನೆಯ ತೊಲೆ, ಬೇಲಿ ಗೂಟ, ಶವಪೆಟ್ಟಿಗೆ ಎಲ್ಲವೂ ಅದರದ್ದೇ.

1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳು ಒಣಗುತ್ತಿರುವುದು ಕಣ್ಣಿಗೆ ಬಿತ್ತು. ಏಷ್ಯಾದಿಂದ ತರಿಸಿದ ಚೆಸ್ಟ್‌ನಟ್ ಸಸಿಗಳ ಜೊತೆಗೆ ಒಂದು ಶಿಲೀಂಧ್ರ ಬಂದಿತ್ತು. ಏಷ್ಯಾದ ಮರಗಳು ಅದರ ಜೊತೆಗೇ ಬೆಳೆದವು, ತಡೆದುಕೊಳ್ಳುತ್ತವೆ. ಅಮೆರಿಕದ ಮರಕ್ಕೆ ಅದರ ಪರಿಚಯವೇ ಇರಲಿಲ್ಲ. ಶಿಲೀಂಧ್ರ ತೊಗಟೆಯ ಬಿರುಕಿನಿಂದ ಒಳಗೆ ಹೋಗಿ ಕಾಂಡದ ಸುತ್ತ ಉಂಗುರದ ಹಾಗೆ ಹಬ್ಬುತ್ತದೆ. ಮೇಲಿನ ಭಾಗಕ್ಕೆ ನೀರು, ಆಹಾರ ನಿಂತು ಮರ ಸಾಯುತ್ತದೆ. 1950ರ ಹೊತ್ತಿಗೆ ಇಡೀ ಪ್ರದೇಶದಲ್ಲಿ ದೊಡ್ಡ ಮರಗಳು ಹೆಚ್ಚುಕಡಿಮೆ ಮುಗಿದವು. ಅರ್ಧ ಶತಮಾನದೊಳಗೆ ಒಂದು ಕಾಡಿನ ಮುಖವೇ ಬದಲಾಯಿತು.

ಇದರಲ್ಲಿ ಮನಸ್ಸು ಕಲಕುವ ಎರಡು ಸಂಗತಿಗಳಿವೆ. ರೋಗ ಬರುವ ಮೊದಲೇ ಕಾಸು ಮಾಡಿಕೊಳ್ಳೋಣ ಅಂತ ಜನ ಆರೋಗ್ಯವಾಗಿದ್ದ ಮರಗಳನ್ನೂ ಕಡಿದು ಹಾಕಿದರು. ಅವುಗಳಲ್ಲಿ ರೋಗ ತಡೆಯುವ ಶಕ್ತಿ ಇದ್ದ ಮರಗಳೂ ಹೋಗಿರಬಹುದು. ಇನ್ನೊಂದು, ಬೇರುಗಳು ಇನ್ನೂ ಬದುಕಿವೆ. ಹಳೆಯ ಬುಡದಿಂದ ಇವತ್ತಿಗೂ ಚಿಗುರು ಏಳುತ್ತದೆ, ಸ್ವಲ್ಪ ಎತ್ತರ ಬೆಳೆಯುತ್ತದೆ, ರೋಗ ಮತ್ತೆ ಹಿಡಿಯುತ್ತದೆ, ಮತ್ತೆ ಸಾಯುತ್ತದೆ.

ಗಾರ್ನೆಟ್‌ನ ಮನೆತನ ಈ ಮರ ಕಡಿದೇ ಶ್ರೀಮಂತವಾದದ್ದು. ಈಗ ಇಳಿವಯಸ್ಸಿನಲ್ಲಿ ಅವನು ಅದೇ ಮರವನ್ನು ವಾಪಸ್ ತರಲು ಒದ್ದಾಡುತ್ತಿದ್ದಾನೆ. ಚೀನಾದ ಮರಕ್ಕೂ ಅಮೆರಿಕದ ಮರಕ್ಕೂ ಅಡ್ಡತಳಿ ಮಾಡಬೇಕು. ಹುಟ್ಟಿದ್ದನ್ನು ಮತ್ತೆ ಮತ್ತೆ ಅಮೆರಿಕದ ಮರದ ಜೊತೆಗೇ ಕೂಡಿಸಬೇಕು. ಪ್ರತಿ ಸಲ ರೋಗ ತಡೆಯುವ ಸಸಿಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಕೊನೆಗೆ ಚೀನಾ ಮರದ ತಾಳಿಕೆ ಇರುವ, ಮಿಕ್ಕಂತೆ ಅಮೆರಿಕದ್ದೇ ಆದ ಮರ ಸಿಗಬೇಕು. ಫಲ ನೋಡಲು ತಾನು ಇರುವುದಿಲ್ಲ ಅಂತ ಅವನಿಗೆ ಗೊತ್ತು. ಆದರೂ ಏಣಿ ಹತ್ತಿ ಹೂವಿಗೆ ಚೀಲ ಕಟ್ಟುತ್ತಾನೆ.

ಇದು ಕಟ್ಟುಕಥೆಯಲ್ಲ. 1983ರಲ್ಲಿ ಶುರುವಾದ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್ ಇದೇ ಕೆಲಸ ಮಾಡುತ್ತಿದೆ. ಅದರ ಸಂಶೋಧನಾ ತೋಟ ಇರುವುದು ವರ್ಜೀನಿಯಾದ ಮೆಡೋವ್ಯೂನಲ್ಲಿ, ಕಿಂಗ್‌ಸಾಲ್ವರ್ ಇರುವ ಕೌಂಟಿಯಲ್ಲೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಕಾದಂಬರಿ ಬಂದ ಮೇಲೆ ಸಂಶೋಧಕರಿಗೆ ಇನ್ನೊಂದು ವಿಷಯ ತಿಳಿಯಿತು. ರೋಗ ತಡೆಯುವ ಗುಣ ಎರಡು ಮೂರು ಜೀನ್‌ಗಳದ್ದಲ್ಲ, ಹಲವು ಜೀನ್‌ಗಳಲ್ಲಿ ಹಂಚಿಹೋಗಿದೆ. ಹಾಗಾಗಿ ಕೆಲಸ ಅಂದುಕೊಂಡದ್ದಕ್ಕಿಂತ ಕಷ್ಟ. ಗೋಧಿಯ ಒಂದು ಜೀನ್ ಸೇರಿಸಿದ ಮರವನ್ನೂ ನ್ಯೂಯಾರ್ಕಿನಲ್ಲಿ ತಯಾರಿಸಿದರು. ಪರೀಕ್ಷೆಯಲ್ಲಿ ಇದ್ದದ್ದು ಬೇರೆಯೇ ತಳಿ ಅಂತ ಗೊತ್ತಾಗಿ, ಫಲಿತಾಂಶವೂ ಸಾಲದೆ, 2023ರ ಡಿಸೆಂಬರಿನಲ್ಲಿ ಫೌಂಡೇಶನ್ ಆ ಮರಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡಿತು. ಹುಡುಕಾಟ ನಿಂತಿಲ್ಲ.

ಓದುವಾಗ ನನಗೆ ನಮ್ಮ ಶ್ರೀಗಂಧ ನೆನಪಾಗುತ್ತಿತ್ತು. ಅದಕ್ಕೂ ಸ್ಪೈಕ್ ಅನ್ನುವ ರೋಗ ಇದೆ. 1899ರಲ್ಲಿ ಕೊಡಗಿನಲ್ಲಿ ಮೊದಲು ದಾಖಲಾಯಿತು. ಇವತ್ತಿಗೂ ಅದಕ್ಕೆ ಖಚಿತ ಮದ್ದಿಲ್ಲ.

ಔಷಧಿ ಹೊಡೆದರೆ ಹುಳ ಜಾಸ್ತಿಯಾಗುತ್ತದೆ ಅಂತ ನ್ಯಾನಿ ಹೇಳುತ್ತಾಳೆ. ಅದು ಹೇಗೆ?

ಇದು ವಿತಂಡವಾದ ಅಂತ ಗಾರ್ನೆಟ್‌ಗೂ ಅನಿಸುತ್ತದೆ. ಆದರೆ ಲೆಕ್ಕ ಸರಿ ಇದೆ.

ಇಟಲಿಯ ಗಣಿತಜ್ಞ ವೀಟೊ ವೊಲ್ಟೆರಾ 1926ರಲ್ಲಿ ಇದನ್ನು ಬಿಡಿಸಿಟ್ಟರು. ಮೊದಲ ಮಹಾಯುದ್ಧದ ಕಾಲದಲ್ಲಿ ಆಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆಯಾಗಿತ್ತು. ಆಗ ಬಲೆಗೆ ಬಿದ್ದ ಮೀನಿನಲ್ಲಿ ಶಾರ್ಕ್, ತೊರಕೆಯಂಥ ಬೇಟೆ ಮೀನುಗಳ ಪಾಲು ಹೆಚ್ಚಾಗಿತ್ತು. ಯಾಕೆ ಅಂತ ಉಂಬರ್ಟೊ ಡಿ’ಆಂಕೊನಾ ಅನ್ನುವ ಜೀವವಿಜ್ಞಾನಿ ಕೇಳಿದರು. ವೊಲ್ಟೆರಾ ಲೆಕ್ಕ ಹಾಕಿ ತೋರಿಸಿದ್ದು ಹೀಗೆ: ತಿನ್ನುವ ಜೀವಿ, ತಿನ್ನಿಸಿಕೊಳ್ಳುವ ಜೀವಿ ಎರಡನ್ನೂ ಒಂದೇ ಸಮ ಕೊಂದರೆ ಪೆಟ್ಟು ಸಮನಾಗಿ ಬೀಳುವುದಿಲ್ಲ. ತಿನ್ನುವ ಜೀವಿ ನೇರವಾಗಿಯೂ ಸಾಯುತ್ತದೆ, ಊಟ ಕಡಿಮೆಯಾಗಿಯೂ ಸೊರಗುತ್ತದೆ. ತಿನ್ನಿಸಿಕೊಳ್ಳುವ ಜೀವಿಗೆ ಶತ್ರು ಕಡಿಮೆಯಾಗಿ ಲಾಭವೇ ಆಗುತ್ತದೆ.

ಈಗ ಮೀನಿನ ಬದಲು ಹೊಲದ ಹುಳ ಇಟ್ಟು ನೋಡಿ. ಎಲೆ ತಿನ್ನುವ ಹುಳ ಬೇಗ ಬೇಗ ಮೊಟ್ಟೆ ಇಡುತ್ತದೆ, ಸಾವಿರಗಟ್ಟಲೆ. ಅದನ್ನು ತಿನ್ನುವ ಜೇಡ, ಗುಲಗಂಜಿ ಹುಳ, ಕಣಜ ನಿಧಾನಕ್ಕೆ ಹೆಚ್ಚುತ್ತವೆ. ವಿಷ ಎರಡನ್ನೂ ಕೊಲ್ಲುತ್ತದೆ. ಕೆಲವು ದಿನದಲ್ಲಿ ಎಲೆ ತಿನ್ನುವ ಹುಳ ವಾಪಸ್ ಬರುತ್ತದೆ, ಕಾವಲುಗಾರರು ಇನ್ನೂ ಬಂದಿರುವುದಿಲ್ಲ. ರೈತ ಮತ್ತೆ ಔಷಧಿ ತರುತ್ತಾನೆ.

ಭತ್ತದ ಕಂದು ಜಿಗಿಹುಳುವಿನ ವಿಷಯದಲ್ಲಿ ಏಷ್ಯಾದ ರೈತರು ಇದನ್ನು ಅನುಭವಿಸಿದ್ದಾರೆ. ಹೊಡೆದಷ್ಟೂ ಹುಳ ಹೆಚ್ಚಾದಾಗ ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನೇ ನಿಲ್ಲಿಸಿತು. ಗದ್ದೆಯಲ್ಲಿ ಜೇಡಗಳನ್ನು ಗುರುತಿಸಲು ರೈತರಿಗೆ ಕಲಿಸಿತು.

ನ್ಯಾನಿ ಇದನ್ನು ಪಾಠದ ಹಾಗೆ ಹೇಳುವುದಿಲ್ಲ. ಬೇಲಿಯ ಆಚೆ ನಿಂತು, ಸೇಬಿನ ಕೆಲಸದ ನಡುವೆ ಹೇಳುತ್ತಾಳೆ. ರಸ್ತೆ ಬದಿಗೆ ಔಷಧಿ ಹೊಡೆಯುವವರಿಗೆ ಕಾಣುವಂತೆ ‘ಇಲ್ಲಿ ಹೊಡೆಯಬೇಡಿ’ ಅಂತ ಫಲಕ ನೆಟ್ಟಿದ್ದಾಳೆ. ಗಾರ್ನೆಟ್ ದೇವರ ಸೃಷ್ಟಿಯ ವಿಷಯ ಎತ್ತಿ ಅವಳಿಗೆ ಪತ್ರ ಬರೆಯುತ್ತಾನೆ, ಅವಳೂ ಬಿಡದೆ ಉತ್ತರ ಬರೆಯುತ್ತಾಳೆ. ಪಕ್ಕದ ಮನೆಗೆ ಅಂಚೆಯಲ್ಲಿ ಹೋಗುವ ಆ ಪತ್ರಗಳಲ್ಲಿ ಕೋಪಕ್ಕಿಂತ ಕಾಳಜಿ ಜಾಸ್ತಿ ಇದೆ. ಅದು ಇಬ್ಬರಿಗೂ ತಡವಾಗಿ ಗೊತ್ತಾಗುತ್ತದೆ.

ಲೂಸಾ ಕಥೆಯಲ್ಲಿ ಪತಂಗಗಳು ಯಾಕೆ ಮತ್ತೆ ಮತ್ತೆ ಬರುತ್ತವೆ?

ಅವಳ ಓದು ಅದೇ. ಹೆಣ್ಣು ಪತಂಗ ಕತ್ತಲಲ್ಲಿ ಒಂದು ವಾಸನೆ ಬಿಡುತ್ತದೆ, ಗಂಡು ಬಹಳ ದೂರದಿಂದ ಅದನ್ನು ಹಿಡಿದು ಬರುತ್ತದೆ. ಲೂನಾ ಪತಂಗ ದೊಡ್ಡದಾದ ಮೇಲೆ ಏನೂ ತಿನ್ನುವುದಿಲ್ಲ. ಸುಮಾರು ಒಂದು ವಾರದ ಆಯುಷ್ಯ. ಅಷ್ಟರಲ್ಲಿ ಜೋಡಿ ಸಿಗಬೇಕು. ಅದರ ಹತ್ತಿರದ ಬಂಧು, ಬಾಲದ ಉದ್ದ ರೆಕ್ಕೆಯ ತಿಳಿ ಹಸಿರು ಪತಂಗ, ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ರೇಷ್ಮೆ ಸಾಕುವವರಿಗಂತೂ ಈ ವಿಷಯ ಹೊಸದಲ್ಲ, ಗೂಡು ಒಡೆದು ಬಂದ ಗಂಡು ಚಿಟ್ಟೆ ರೆಕ್ಕೆ ಬಡಿಯುತ್ತ ಹೆಣ್ಣನ್ನು ಹುಡುಕುವುದನ್ನು ನೋಡಿರುತ್ತಾರೆ. ಇಂಥ ವಾಸನೆಯ ರಾಸಾಯನಿಕವನ್ನು ವಿಜ್ಞಾನ ಮೊದಲು ಗುರುತಿಸಿದ್ದೂ ರೇಷ್ಮೆ ಚಿಟ್ಟೆಯಲ್ಲೇ, 1959ರಲ್ಲಿ.

ಕಾದಂಬರಿಯಲ್ಲಿ ಕೋಲ್ ಮತ್ತು ಲೂಸಾ ಹನಿಸಕಲ್ ಬಳ್ಳಿಯ ಬಗ್ಗೆ ಜಗಳ ಆಡಿರುತ್ತಾರೆ. ಅವನಿಗೆ ಅದನ್ನು ಔಷಧಿ ಹೊಡೆದು ಕೊಲ್ಲಬೇಕು, ಅವಳಿಗೆ ಅದು ಚೆಂದ. ಮಾತು ಬಿಟ್ಟ ಆ ಹೊತ್ತಿನಲ್ಲಿ ಹೊಲದಿಂದ ಹೂವಿನ ವಾಸನೆ ಅವಳ ಕಿಟಕಿಗೆ ಬರುತ್ತದೆ. ಅವನು ಅವಳಿಗಾಗಿ ಒಂದು ಎಳೆ ಮುರಿದಿದ್ದಾನೆ. ಇಬ್ಬರ ನಡುವಿನ ಕೊನೆಯ ಮಾತು ಅದೇ ವಾಸನೆ. ಈ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಮುಂದೆ ಅವಳಿಗೇ ಅರ್ಥವಾಗುತ್ತದೆ, ಹೊರಗಿಂದ ಬಂದ ಆ ಬಳ್ಳಿ ಎಲ್ಲವನ್ನೂ ನುಂಗುತ್ತದೆ ಅಂತ. ನಮ್ಮ ಕಾಡಿನ ಲಂಟಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೀತಿಯ ಕಥೆಗಾಗಿ ಲೇಖಕಿ ವಿಜ್ಞಾನವನ್ನು ತಿರುಚಲಿಲ್ಲ.

ತಂಬಾಕು ಮತ್ತು ಆಡಿನ ಪ್ರಸಂಗ ಏನು?

ಆ ಬೆಟ್ಟಗಳಲ್ಲಿ ಸಣ್ಣ ರೈತನಿಗೆ ಕೈಗೆ ಹಣ ಕೊಡುತ್ತಿದ್ದ ಬೆಳೆ ಅಂದರೆ ತಂಬಾಕು. ಲೂಸಾಗೆ ಅದನ್ನು ಬೆಳೆಯಲು ಮನಸ್ಸಿಲ್ಲ. ನಾದಿನಿಯರಿಗೆ ಇದು ಸೊಕ್ಕಾಗಿ ಕಾಣುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತ ಮನೆಯವರು ಈ ಅಧ್ಯಾಯ ಓದಿದರೆ ಎರಡೂ ಕಡೆಯ ಕಷ್ಟ ಗೊತ್ತಾಗುತ್ತದೆ. ಬಿಡು ಅನ್ನುವುದು ಸುಲಭ, ಬದಲಿಗೆ ಏನು ಬೆಳೆಯಲಿ?

ಅವಳ ಉತ್ತರ ಆಡು. ಊರಿನಲ್ಲಿ ಮಕ್ಕಳ ಒಂದು ಯೋಜನೆಗೆ ತಂದು ಯಾರಿಗೂ ಬೇಡವಾದ ಆಡುಗಳು ಬೇಕಾದಷ್ಟಿವೆ. ಲೂಸಾಳ ತಂದೆ ಯಹೂದಿ, ತಾಯಿ ಪ್ಯಾಲೆಸ್ಟೀನ್ ಮೂಲದ ಅರಬ್ ಮನೆತನದವಳು. ಹಬ್ಬಗಳಿಗೆ ನ್ಯೂಯಾರ್ಕಿನಲ್ಲಿ ಆಡಿನ ಮಾಂಸಕ್ಕೆ ಎಂಥ ಬೇಡಿಕೆ ಅಂತ ಅವಳಿಗೆ ಗೊತ್ತು. ಹೊರಗಿನವಳು ಅಂತ ಅನಿಸಿಕೊಂಡದ್ದೇ ಅವಳ ಹೊಲವನ್ನು ಉಳಿಸುತ್ತದೆ.

ಉಪದೇಶ ಜಾಸ್ತಿ ಅಂತಾರಲ್ಲ?

ಅಲ್ಲಲ್ಲಿ ಹೌದು. ಡಿಯಾನಾ ಕೆಲವು ಕಡೆ ಎಡ್ಡೀ ಜೊತೆ ಮಾತಾಡುತ್ತಿಲ್ಲ, ನಮಗೆ ಪಾಠ ಮಾಡುತ್ತಿದ್ದಾಳೆ ಅನಿಸುತ್ತದೆ. ಮೂರು ಕಥೆಯಲ್ಲೂ ವಿಜ್ಞಾನ ತಿಳಿದ ಹೆಂಗಸು, ತಿಳಿಯದ ಗಂಡಸು ಅನ್ನುವ ಜೋಡಣೆಯೇ ಬರುತ್ತದೆ. ಒಂದು ಕಡೆಯಾದರೂ ಅದು ತಿರುಗಿದ್ದರೆ ಚೆನ್ನಾಗಿತ್ತು. ಆದರೆ ಗಾರ್ನೆಟ್ ಈ ದೂರಿಗೆ ಹೊರಗೆ ನಿಲ್ಲುತ್ತಾನೆ. ಅವನು ತಪ್ಪಿರುವಾಗಲೂ ಲೇಖಕಿ ಅವನನ್ನು ಗೌರವದಿಂದಲೇ ನೋಡಿದ್ದಾರೆ.

ಇದಕ್ಕೂ ಕನ್ನಡ ನಾಡಿಗೂ ಏನು ಸಂಬಂಧ?

ಗಾಳಿಯಲ್ಲಿ ಹೋಗುವ ವಿಷ ಬೇಲಿ ನೋಡುವುದಿಲ್ಲ ಅನ್ನುವುದು ನಮಗೆ ಚೆನ್ನಾಗಿ ಗೊತ್ತಿರುವ ವಿಷಯ. ಕಾಸರಗೋಡಿನಲ್ಲಿ, ಕನ್ನಡ ಮತ್ತು ತುಳು ಮಾತಾಡುವ ಎಣ್ಮಕಜೆಯಂಥ ಊರುಗಳ ಪಕ್ಕದ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರು ಚಿಗುರಿನ ರಸ ಹೀರುವ ಟೀ ಸೊಳ್ಳೆ ಅನ್ನುವ ಕೀಟ ಕೊಲ್ಲಲು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಊರುಗಳ ಸುತ್ತಲೂ ಇದೇ ಆಯಿತು. ಅಲ್ಲಿಯ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುವ ಅಮ್ಮಂದಿರು ಇವತ್ತಿಗೂ ಪರಿಹಾರಕ್ಕೆ, ಆರೈಕೆಗೆ ಅಲೆಯುತ್ತಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. ನ್ಯಾನಿಯ ಫಲಕವನ್ನು ನಾನು ಓದಿದ್ದು ಈ ಊರುಗಳ ನೆನಪಿನಲ್ಲೇ. ಹೆಲಿಕಾಪ್ಟರ್ ಬರುವಾಗ ಬಾವಿ ಮುಚ್ಚಿ ಅಂತ ಹೇಳಿಸಿಕೊಂಡ ಜನಕ್ಕೆ ಒಂದು ಫಲಕ ನೆಡುವ ಅವಕಾಶವೂ ಇರಲಿಲ್ಲ.

ಇಂಗ್ಲಿಷ್ ಕಷ್ಟ ಇದೆಯಾ? ಮಕ್ಕಳಿಗೆ ಕೊಡಬಹುದಾ?

ವಾಕ್ಯಗಳು ಸರಳ. ಗಿಡ, ಹಕ್ಕಿ, ಹುಳಗಳ ಹೆಸರು ಬಹಳ ಬರುತ್ತವೆ, ಬೆಟ್ಟದವರ ಆಡುಮಾತೂ ಇದೆ. ಪ್ರತಿ ಹೆಸರಿಗೂ ನಿಂತು ಹುಡುಕಬೇಡಿ, ಮುಂದೆ ಹೋಗಿ. ದೈಹಿಕ ಪ್ರೀತಿಯ ಬಗ್ಗೆ ಮುಚ್ಚುಮರೆ ಇಲ್ಲದ ಬರವಣಿಗೆ ಇದೆ, ಹಾಗಾಗಿ ದೊಡ್ಡವರಿಗೆ.

ಕೊನೆ ಹೇಗಿದೆ? (ಕಥೆ ಬಿಟ್ಟುಕೊಡುವ ಉತ್ತರ, ಓದದವರು ಮುಂದಿನ ಪ್ರಶ್ನೆಗೆ ಹೋಗಿ)

ಎಡ್ಡೀ ಒಂದು ಚೀಟಿ ಬರೆದಿಟ್ಟು ಹೊರಟುಹೋಗುತ್ತಾನೆ. ಡಿಯಾನಾ ಗರ್ಭಿಣಿ, ಅದನ್ನು ಅವನಿಗೆ ಹೇಳಿಲ್ಲ. ಬೇಸಿಗೆ ಮುಗಿಯುವಾಗ ಬೆಟ್ಟ ಇಳಿದು, ಚಿಕ್ಕಂದಿನಿಂದ ತಾಯಿಯಂತಿದ್ದ ನ್ಯಾನಿಯ ಮನೆಗೆ ಬರುತ್ತಾಳೆ. ಲೂಸಾ ತನ್ನ ನಾದಿನಿ ಜ್ಯುವೆಲ್‌ಳ ಇಬ್ಬರು ಮಕ್ಕಳನ್ನು ತನ್ನವರಾಗಿ ಮಾಡಿಕೊಳ್ಳಲು ಒಪ್ಪುತ್ತಾಳೆ, ಜ್ಯುವೆಲ್‌ಗೆ ಕ್ಯಾನ್ಸರ್. ಆ ಮಕ್ಕಳು ಗಾರ್ನೆಟ್‌ನ ಮೊಮ್ಮಕ್ಕಳು. ಕೊನೆಯ ಅಧ್ಯಾಯದಲ್ಲಿ ಮನುಷ್ಯರು ಪಕ್ಕಕ್ಕೆ ಸರಿಯುತ್ತಾರೆ, ಒಂದು ಕೊಯೋಟಿ ಅದೇ ಬೆಟ್ಟದಲ್ಲಿ ಮೂಸುತ್ತ ನಡೆಯುತ್ತದೆ. ಮದುವೆಯ ಮಂಟಪದಲ್ಲಿ ಮುಗಿಯಲಿಲ್ಲ ಅಂತ ಕೆಲವರಿಗೆ ಬೇಸರ ಆಗಿದೆ. ನನಗೆ ಇದಕ್ಕಿಂತ ಸರಿಯಾದ ಕೊನೆ ಕಾಣುವುದಿಲ್ಲ. ಒಂಟಿಯಾಗಿ ಶುರುವಾದ ಎಲ್ಲರೂ ಯಾರದೋ ಮನೆಯವರಾಗಿದ್ದಾರೆ.

ಇದಾದ ಮೇಲೆ ಏನು ಓದಲಿ?

ಲೇಖಕಿಯದ್ದೇ ಬೇಕಿದ್ದರೆ 2012ರ ‘ಫ್ಲೈಟ್ ಬಿಹೇವಿಯರ್’. ಚಳಿಗಾಲಕ್ಕೆ ಮೆಕ್ಸಿಕೊದ ಬೆಟ್ಟಗಳಿಗೆ ಹೋಗಬೇಕಾದ ಮೊನಾರ್ಕ್ ಚಿಟ್ಟೆಗಳು ದಾರಿ ತಪ್ಪಿ ಟೆನೆಸಿಯ ಒಬ್ಬ ರೈತನ ಮನೆಯ ಹಿಂದಿನ ಗುಡ್ಡದಲ್ಲಿ ಇಳಿಯುತ್ತವೆ. ಊರವರಿಗೆ ಅದು ಪವಾಡ, ವಿಜ್ಞಾನಿಗೆ ಬದಲಾಗುತ್ತಿರುವ ಹವಾಮಾನದ ಕೆಟ್ಟ ಸುದ್ದಿ.

ಕನ್ನಡದಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದ್ದರೆ ಇದರ ಪಕ್ಕದಲ್ಲಿ ಇಟ್ಟು ಇನ್ನೊಮ್ಮೆ ಓದಿ. ಮಂದಣ್ಣನ ಮದುವೆಯ ಪರದಾಟ, ಜೇನು, ಕಾಡು, ವಿಜ್ಞಾನಿ ಎಲ್ಲ ಒಂದೇ ಕಥೆಯೊಳಗೆ ಹೇಗೆ ಬಂದಿವೆ ಅಂತ ಈಗ ಬೇರೆ ರೀತಿ ಕಾಣುತ್ತದೆ. ಡಿಯಾನಾಳ ಅಧ್ಯಾಯಗಳೇ ಹೆಚ್ಚು ಹಿಡಿಸಿದವರಿಗೆ ಕೃಪಾಕರ ಸೇನಾನಿಯವರ ‘ಕೆನ್ನಾಯಿಯ ಜಾಡಿನಲ್ಲಿ’. ಎಲ್ಲರೂ ದೂಷಿಸುವ ಒಂದು ಬೇಟೆ ಪ್ರಾಣಿಯ ಹಿಂದೆ ವರ್ಷಗಟ್ಟಲೆ ಅಲೆದವರು ಬರೆದದ್ದು. ಮೊದಲು ಅದನ್ನೇ ಓದಿ ಆಮೇಲೆ ಈ ಕಾದಂಬರಿಗೆ ಬಂದರೂ ಸರಿ.